ತಾಡೋಲೆಯ ಕಟ್ಟಿನಿಂದ ಗಾಜಿನ ಹಲಗೆಗೆ



ಕಳೆದ ಶ್ರಾವಣ ಮಾಸದ ಒಂದು ಸೋಮವಾರ ಸಂಜೆ ಬೇವೂರಿನಲ್ಲಿ ಭಜನೆಗೆ ಕುಳಿತಿದ್ದೆವು. ಪೇಟಿ ನುಡಿಸುವ ತರುಣನ ಮುಂದೆ ಎಂದಿನ ದಪ್ಪ ವಹಿ ಕಾಣಲಿಲ್ಲ. ಅದರ ಸ್ಥಳದಲ್ಲಿ ವ್ಯಾಸಪೀಠದ ಮೇಲೆ ಒಂದು ಟ್ಯಾಬ್ ಬೆಳಗುತ್ತಿತ್ತು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲನೆ ಕೇಳಿದರು: "ಶಾಸ್ತ್ರಿಗಳ, ದೇವರ ಮುಂದ ಇದು ಬೇಕೇನ್ರಿ?"

ಪ್ರಶ್ನೆ ಸಣ್ಣದಲ್ಲ. ಅಂದು ನಾನು ಉತ್ತರ ಕೊಡಲಿಲ್ಲ. ಇಂದು ಈ ಪುಟದಲ್ಲಿ ಕೊಡಲು ಯತ್ನಿಸುತ್ತೇನೆ.

ಪೇಟಿ ನುಡಿಸುವವನ ಎರಡು ಕೈಗಳಿಗೂ ಬಿಡುವಿಲ್ಲ. ಒಂದು ಕೈ ಗಾಳಿ ಹಾಕುತ್ತದೆ, ಇನ್ನೊಂದು ಮನೆಗಳ ಮೇಲೆ ಓಡುತ್ತದೆ. ಹಾಡಿನ ನಡುವೆ ಹಾಳೆ ತಿರುವಬೇಕಾದರೆ ಒಂದೋ ನಾದ ನಿಲ್ಲಬೇಕು, ಇಲ್ಲವೆ ಪಕ್ಕದವರು ತಿರುವಬೇಕು. ಟ್ಯಾಬಿನಲ್ಲಿ ಪರದೆಯ ಅಂಚನ್ನು ಒಮ್ಮೆ ಮುಟ್ಟಿದರೆ ಪುಟ ಬದಲಾಗುತ್ತದೆ. ಕುರ್ಚಿಯ ಮೇಲೆ ಕುಳಿತು ನುಡಿಸುವವರು ಕಾಲಿನಿಂದ ಒತ್ತಿ ಪುಟ ತಿರುವುವ ಪೆಡಲನ್ನೂ ಜೋಡಿಸಿಕೊಳ್ಳುತ್ತಾರೆ. ಬೆಲ್ಜಿಯಂ ದೇಶದ ಬ್ರಸೆಲ್ಸ್ ಫಿಲ್ಹಾರ್ಮೋನಿಕ್ ವಾದ್ಯವೃಂದದವರು 2012ರಲ್ಲೇ ಕಾಗದವನ್ನು ಬದಿಗಿಟ್ಟು ಟ್ಯಾಬ್ ನೋಡಿ ಕಛೇರಿ ನಡೆಸಿದರು.

ಆದರೆ ನನ್ನ ಮನಸ್ಸನ್ನು ತಿರುಗಿಸಿದ್ದು ಈ ಅನುಕೂಲವಲ್ಲ. 2019ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಮಲಪ್ರಭೆಯ ದಂಡೆಯ ನನ್ನ ಮಿತ್ರರೊಬ್ಬರ ಮನೆಗೆ ನೀರು ನುಗ್ಗಿತು. ಜೋಳದ ಚೀಲ ಹೋದವು, ಹಾಸಿಗೆ ಹೋದವು. ಅವರು ಕಣ್ಣೀರು ಹಾಕಿದ್ದು ಒಂದು ಟ್ರಂಕಿಗಾಗಿ. ಅದರಲ್ಲಿ ನಲವತ್ತು ವರ್ಷ ಗುರುಗಳಿಂದ ಕೇಳಿ ಬರೆದುಕೊಂಡ ಸ್ವರಲಿಪಿಯ ವಹಿಗಳಿದ್ದವು. ಶಾಯಿ ನೀರಿನಲ್ಲಿ ಕರಗಿ ಹಾಳೆಗಳು ನೀಲಿ ಮುದ್ದೆಯಾಗಿದ್ದವು. ಗುರುಗಳು ಲಿಂಗೈಕ್ಯರಾಗಿ ವರ್ಷಗಳೇ ಕಳೆದಿದ್ದವು. ಮತ್ತೆ ಕೇಳಿ ಬರೆದುಕೊಳ್ಳಲು ಯಾರಿದ್ದರು?

ನಮ್ಮ ಪರಂಪರೆಯಲ್ಲಿ ಇದು ಹೊಸ ನೋವಲ್ಲ. ವಚನಗಳ ತಾಡೋಲೆಗಳು ಮಠದ ಗೂಡುಗಳಲ್ಲಿ, ಮನೆಯ ಅಟ್ಟಗಳಲ್ಲಿ ಹುಳು ತಿಂದು ಹೋಗುತ್ತಿದ್ದ ಕಾಲದಲ್ಲಿ ಡಾ. ಫ. ಗು. ಹಳಕಟ್ಟಿಯವರು ಅವನ್ನು ಊರೂರು ಅಲೆದು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು. 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ ಆರಂಭವಾಯಿತು, ಮರುವರ್ಷ 'ಶಿವಾನುಭವ' ಪತ್ರಿಕೆ ಬಂದಿತು. ಓಲೆಯಿಂದ ಕಾಗದಕ್ಕೆ ಬಂದುದರಿಂದ ವಚನದ ಮಹಿಮೆ ಕುಂದಲಿಲ್ಲ. ಅದು ಮನೆಮನೆಗೆ ತಲುಪಿತು.

ಆದರೆ ಉಳಿದದ್ದು ಮಾತು ಮಾತ್ರ. ಹನ್ನೆರಡನೆಯ ಶತಮಾನದ ಶರಣರು ಯಾವ ಧಾಟಿಯಲ್ಲಿ ಹಾಡಿದರೆಂಬುದು ಸ್ವರಲಿಪಿಯಲ್ಲಿ ನಮಗೆ ಉಳಿದು ಬಂದಿಲ್ಲ. ಮಲ್ಲಿಕಾರ್ಜುನ ಮನಸೂರರಂಥ ಗಾಯಕರು ವಚನಗಳಿಗೆ ರಾಗದ ಉಡುಗೆ ತೊಡಿಸಿದ್ದರಿಂದ ಇಂದು ನಾವು ಕೇಳಿ ಧನ್ಯರಾಗುತ್ತಿದ್ದೇವೆ. ಒಮ್ಮೆ ಕಳೆದುಕೊಂಡದ್ದನ್ನು ಮತ್ತೊಮ್ಮೆ ಕಳೆದುಕೊಳ್ಳಬಾರದು ಎಂಬುದೇ ನನ್ನ ಕಳಕಳಿ.

ಹಾಗೆಂದು ಯಂತ್ರಕ್ಕೆ ಎಲ್ಲವನ್ನೂ ಒಪ್ಪಿಸಿ ನಿಶ್ಚಿಂತರಾಗುವಂತಿಲ್ಲ. ಅದೇ ಸಂಜೆ ಇನ್ನೊಂದು ಪ್ರಸಂಗ ನಡೆಯಿತು. ತರುಣನು ಭೈರವಿಯಲ್ಲಿ ಹಾಡು ಎತ್ತಿಕೊಂಡನು. ಎರಡನೆಯ ಸಾಲಿಗೆ ಬರುತ್ತಲೇ ಕಂಬಕ್ಕೆ ಒರಗಿ ಕುಳಿತಿದ್ದ ವೃದ್ಧೆಯೊಬ್ಬರು ಕೈಯೆತ್ತಿದರು. "ಹಂಗಲ್ಲೋ ತಮ್ಮಾ, ಅಲ್ಲಿ ದನಿ ಇಳೀಬೇಕು" ಎಂದರು. ಆ ತಾಯಿಗೆ ಅಕ್ಷರ ಬಾರದು. ತರುಣನು ಪರದೆ ತೋರಿಸಿ, "ಇದರಾಗ ಹಿಂಗ ಐತ್ರಿ ಅಮ್ಮಾ" ಎಂದನು. ಮೂಲ ವಹಿಯನ್ನು ತರಿಸಿ ದೀಪದ ಹತ್ತಿರ ಹಿಡಿದು ನೋಡಿದೆವು. ಗಾಂಧಾರದ ಕೆಳಗೆ ಪೆನ್ಸಿಲ್ಲಿನ ಒಂದು ತೆಳುವಾದ ಗೆರೆ ಇತ್ತು. ಫೋಟೊ ತೆಗೆಯುವಾಗ ಅದು ಮಾಯವಾಗಿತ್ತು.

ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರ (1860–1936) ಸ್ವರಲಿಪಿಯನ್ನು ಬಲ್ಲವರಿಗೆ ಆ ಗೆರೆಯ ಬೆಲೆ ಗೊತ್ತು. ಸ್ವರದ ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ. ಕೆಳಗೆ ಚುಕ್ಕೆ ಇದ್ದರೆ ಮಂದ್ರ, ಮೇಲೆ ಚುಕ್ಕೆ ಇದ್ದರೆ ತಾರ. ಮಧ್ಯಮದ ಮೇಲೆ ನಿಂತ ಗೆರೆ ಇದ್ದರೆ ತೀವ್ರ. ಭೈರವಿಯಲ್ಲಿ ರಿಷಭ, ಗಾಂಧಾರ, ಧೈವತ, ನಿಷಾದ ನಾಲ್ಕೂ ಕೋಮಲ. ಆ ನಾಲ್ಕೂ ಗೆರೆಗಳು ಅಳಿದರೆ ಕಾಗದದ ಮೇಲೆ ಉಳಿಯುವುದು ಭೈರವಿಯಲ್ಲ, ಬಿಲಾವಲದ ಸ್ವರಗಳು. ಅಕ್ಷರಗಳು ಅವೇ, ರಾಗ ಬೇರೆ! ಅಂದು ಗೆರೆ ಉಳಿಸಲಾರದ್ದನ್ನು ಒಬ್ಬ ತಾಯಿಯ ಕಿವಿ ಉಳಿಸಿತ್ತು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳಿಗೆ (1892–1944) ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಇರಲಿಲ್ಲ. ಅವರಿಬ್ಬರ ಆಶ್ರಯದಲ್ಲಿ ಎಷ್ಟೋ ಅಂಧ ಬಾಲಕರು ಗಾಯಕರಾದರು. ಅಲ್ಲಿ ಸ್ವರ ಮೊದಲು ಕಿವಿಗೆ, ಕಿವಿಯಿಂದ ಹೃದಯಕ್ಕೆ ಇಳಿಯಿತು. ಬರಹ ವಿದ್ಯೆಗೆ ಆಸರೆಯೇ ಹೊರತು ವಿದ್ಯೆಯಲ್ಲ.

ಆದ್ದರಿಂದ ಮನೆಯಲ್ಲಿ ಹಾಡಿನ ಹಳೆಯ ವಹಿಗಳಿರುವವರಲ್ಲಿ ನನ್ನದೊಂದು ಬಿನ್ನಹ. ಹಗಲ ಬೆಳಕಿನಲ್ಲಿ, ನೆರಳು ಬೀಳದಂತೆ, ಒಂದೊಂದೇ ಪುಟದ ಚಿತ್ರ ತೆಗೆಯಿರಿ. ಚಿತ್ರವನ್ನು ಹಿಗ್ಗಿಸಿ ಪ್ರತಿಯೊಂದು ಗೆರೆ, ಪ್ರತಿಯೊಂದು ಚುಕ್ಕೆಯನ್ನು ಮೂಲದೊಡನೆ ಹೋಲಿಸಿರಿ. ಹಾಡಿನ ಮೊದಲ ಪದ, ರಾಗ, ತಾಳಗಳನ್ನೇ ಹೆಸರಾಗಿಟ್ಟು ಸಂಗ್ರಹಿಸಿದರೆ ಹುಡುಕುವುದು ಸುಲಭ. ಒಂದು ಪ್ರತಿ ಟ್ಯಾಬಿನಲ್ಲಿರಲಿ, ಒಂದು ಮೆಮರಿ ಕಾರ್ಡಿನಲ್ಲಿರಲಿ, ಇನ್ನೊಂದು ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ.  ಹತ್ತು ಇಂಚಿನ ಪರದೆಯಲ್ಲಿ ಎ-4 ಹಾಳೆ ಸುಮಾರು ಮುಕ್ಕಾಲಿಗೂ ಕಿರಿದಾಗಿ ಕಾಣುತ್ತದೆ. ನನ್ನಂಥ ಅರವತ್ತು ದಾಟಿದ ಕಣ್ಣಿನವರು ದೊಡ್ಡ ಪರದೆಯನ್ನು ಆರಿಸುವುದು ಲೇಸು. ಭಜನೆಗೆ ಕೂಡುವ ಮೊದಲು ಚಾರ್ಜ್ ತುಂಬಿಸಿ, ಕರೆ ಸಂದೇಶಗಳು ಬಾರದಂತೆ ಏರೋಪ್ಲೇನ್ ಮೋಡಿಗೆ ಹಾಕಿರಿ. ಮೂಲ ವಹಿಯನ್ನು ಮಾತ್ರ ಎಂದಿಗೂ ಎಸೆಯಬೇಡಿರಿ.

ಕೊನೆಯದಾಗಿ, ಆ ಟ್ಯಾಬಿಗೆ ಕಣ್ಣಿರುವಂತೆ ಕಿವಿಯೂ ಇದೆ. ಮರು ಸೋಮವಾರ ನಮ್ಮ ತರುಣನು ಆ ತಾಯಿಯ ಮನೆಗೆ ಹೋಗಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡನು. ಈಗ ಸ್ವರಲಿಪಿಯ ಪುಟಗಳ ಪಕ್ಕದಲ್ಲಿ ಆ ದನಿಯೂ ಇದೆ. ಅಳಿಸಿಹೋಗಿದ್ದ ಗೆರೆಯನ್ನು ಆತ ತನ್ನ ಕೈಯಿಂದಲೇ ಮತ್ತೆ ಎಳೆದಿದ್ದಾನೆ.

ದೇವರ ಮುಂದೆ ಇದು ಬೇಕೇ ಎಂದು ಕೇಳಿದ ಹಿರಿಯರಿಗೆ ನನ್ನ ಉತ್ತರವಿಷ್ಟೆ: ದೇವರಿಗೆ ಬೇಡ, ನಮ್ಮ ಮೊಮ್ಮಕ್ಕಳಿಗೆ ಬೇಕು. ನಿಮ್ಮ ಮನೆಯಲ್ಲಿಯೂ ಹಾಡುವ ಹಿರಿಯರಿದ್ದರೆ ತಡಮಾಡಬೇಡಿರಿ. ವಹಿ ಇನ್ನೂ ಕೆಲವು ಕಾಲ ಕಾದೀತು. ದನಿ ಕಾಯುವುದಿಲ್ಲ.