ನೋಡುವ ಮುಂಬಯಿ, ತಿನ್ನುವ ಮುಂಬಯಿ

ಮುಂಬಯಿಗೆ ಹೋಗಿಬಂದ ನಮ್ಮವರನ್ನು ‘ಅಲ್ಲಿ ಏನೇನು ನೋಡಿದಿರಿ?’ ಎಂದು ಕೇಳಿ ನೋಡಿರಿ. ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್, ಘಾರಾಪುರಿಯ ಗುಹೆ ಎಂದು ಮೂರು ಹೆಸರು ಹೇಳುವಷ್ಟರಲ್ಲಿ ಅವರು ನೋಡಿದ್ದರ ಲೆಕ್ಕ ಮುಗಿಯುತ್ತದೆ. ನಾಲ್ಕನೆಯ ಮಾತಿಗೆ ವಡಾಪಾವು ಬರುತ್ತದೆ, ಐದನೆಯದಕ್ಕೆ ಭೇಳ್‌ಪುರಿ. ಆಮೇಲೆ ಮಾತು ಅಲ್ಲಿಂದ ಕದಲುವುದೇ ಇಲ್ಲ. ಯಾವ ಗಲ್ಲಿಯ ಯಾವ ಮೂಲೆಯಲ್ಲಿ ಏನು ಚೆನ್ನಾಗಿರುತ್ತದೆ, ಎಷ್ಟು ಹೊತ್ತಿಗೆ ಹೋದರೆ ಬಿಸಿಯಾಗಿ ಸಿಕ್ಕುತ್ತದೆ ಎಂಬುದನ್ನು ಅವರು ಕ್ಷೇತ್ರಮಹಾತ್ಮೆಯನ್ನು ಹೇಳುವವರ ಶ್ರದ್ಧೆಯಿಂದ ವಿವರಿಸುತ್ತಾರೆ. ಇದರಲ್ಲಿ ನಗೆಗೆ ಕಾರಣವೇನೂ ಇಲ್ಲ. ನಾನೂ ಆ ಪಂಗಡದವನೇ.

ಕಟ್ಟಡಗಳನ್ನು ಕಾಪಾಡುವ ವಿಷಯದಲ್ಲಿ ಆ ನಗರ ಹಿಂದೆ ಬಿದ್ದಿಲ್ಲ. 1924ರ ಡಿಸೆಂಬರಿನಲ್ಲಿ ತೆರೆದ ಗೇಟ್‌ವೇ ಇಂದಿಗೂ ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. ಅದರ ಮುಂದಿನ ಕಟ್ಟೆಯಿಂದ ದೋಣಿ ಹತ್ತಿದರೆ ಒಂದು ಗಂಟೆಯಲ್ಲಿ ಘಾರಾಪುರಿ. ಅಲ್ಲಿಯ ತ್ರಿಮೂರ್ತಿಯ ಎದುರಿನಲ್ಲಿ ಹರಟೆಮಲ್ಲರೂ ಒಂದು ಗಳಿಗೆ ಮೌನವಾಗುವುದನ್ನು ಕಂಡಿದ್ದೇನೆ. ಆ ಗುಹೆಗಳಿಗೆ 1987ರಲ್ಲಿ, ಹಿಂದೆ ವಿಕ್ಟೋರಿಯಾ ಟರ್ಮಿನಸ್ ಎಂದು ಕರೆಯುತ್ತಿದ್ದ ರೈಲುನಿಲ್ದಾಣಕ್ಕೆ 2004ರಲ್ಲಿ, ಓವಲ್ ಮೈದಾನದ ಎರಡು ಬದಿಗಳ ಕಟ್ಟಡಗಳಿಗೂ ಮರೀನ್ ಡ್ರೈವಿನ ಮನೆಸಾಲಿಗೂ 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆಯನ್ನು ಕೊಟ್ಟಿತು. ಹೀಗೆ ಕಲ್ಲುಗಾರೆಗಳ ಮುಂಬಯಿಗೆ ಪಟ್ಟಿಯೂ ಉಂಟು, ಪಹರೆಯೂ ಉಂಟು. ಕಲ್ಲಿನದಲ್ಲದ ಮುಂಬಯಿಯ ಗತಿ ಬೇರೆ. 1937ರಿಂದ ಓಡುತ್ತಿದ್ದ ಹಳೆಯ ಮಾದರಿಯ ಎರಡಂತಸ್ತಿನ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ನಿಂತುಹೋದವು. ಮುಂದಿನ ತಿಂಗಳಲ್ಲಿಯೇ ಪದ್ಮಿನಿ ಟ್ಯಾಕ್ಸಿಗಳ ಆಯುಷ್ಯವೂ ತೀರಿತು. ಜನ ಹೂಮಾಲೆ ಹಾಕಿ ಬೀಳ್ಕೊಟ್ಟರು. ಯಂತ್ರಗಳಿಗೆ ಮುಪ್ಪು ಬರುವುದು ಸಹಜ. ಅದಕ್ಕಾಗಿ ನಾನು ಅಳುವವನಲ್ಲ. ನನ್ನ ಚಿಂತೆ ಬೀದಿಯ ಒಲೆಯ ಮುಂದೆ ನಿಂತ ಮನುಷ್ಯನದು.

ವಡಾಪಾವಿನ ಹುಟ್ಟನ್ನೇ ನೋಡಿ. 1966ರ ಸುಮಾರಿಗೆ ದಾದರ ನಿಲ್ದಾಣದ ಹೊರಗೆ ಅಶೋಕ ವೈದ್ಯ ಎಂಬವರು ಬಟಾಟೆವಡೆಯನ್ನು ಪಾವಿನ ನಡುವೆ ಇಟ್ಟು ಮಾರತೊಡಗಿದರೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಲ್ದಾಣದ ಬಾಯಲ್ಲಿಯೇ ಅದು ಏಕೆ ಹುಟ್ಟಬೇಕಾಗಿತ್ತು? ಪರೇಲು, ಲಾಲಬಾಗುಗಳ ಗಿರಣಿಗಳಿಗೆ ಪಾಳಿಯ ಮೇಲೆ ಹೋಗುತ್ತಿದ್ದ ಕೂಲಿಗಾರನಿಗೆ ಕುಳಿತು ಉಣ್ಣಲು ವೇಳೆಯೂ ಇರಲಿಲ್ಲ, ಕೂರಿಸಿ ಬಡಿಸುವ ಹೋಟೆಲಿಗೆ ಕೊಡುವ ಹಣವೂ ಇರಲಿಲ್ಲ. ಒಂದು ಕೈಯಲ್ಲಿ ರೈಲಿನ ಕಂಬಿ, ಇನ್ನೊಂದು ಕೈಯಲ್ಲಿ ಊಟ: ಆ ಬದುಕಿಗೆ ಅಳತೆ ತೆಗೆದು ಹೊಲಿದಂತಹ ತಿಂಡಿ ಅದು. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕೂಲಿಗಾರರು ಮುಷ್ಕರ ಹೂಡಿದರು. ಆ ಮುಷ್ಕರ ಗೆಲ್ಲಲಿಲ್ಲ. ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದವು. ಕೆಲಸ ಕಳೆದುಕೊಂಡ ಎಷ್ಟೋ ಮನೆಗಳವರು ಒಂದು ಬಾಣಲೆ, ಒಂದು ಜಾರಿಸೌಟು ಹಿಡಿದು ಬೀದಿಯ ಬದಿಗೆ ಬಂದು ನಿಂತರು. ನಿನ್ನೆ ವಡಾಪಾವನ್ನು ಕೊಂಡು ತಿಂದವನು ಇಂದು ಅದನ್ನು ಮಾರುವವನಾದನು. ಪ್ರವಾಸಿ ಇಂದು ರುಚಿಗಾಗಿ ತಿನ್ನುವ ಆ ತಿಂಡಿಯ ಹಿಂದೆ ಒಂದು ಉದ್ಯಮದ ಸಾವಿದೆ.

ಅದರ ಒಳಗಿರುವುದಾದರೂ ಏನು? ಬಟಾಟೆ, ಮೆಣಸಿನಕಾಯಿಗಳು ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಬಟಾಟೆಯೆಂಬ ಹೆಸರೂ ಪಾವೆಂಬ ಹೆಸರೂ ಪೋರ್ತುಗೀಸರವು. ಹಿಟ್ಟನ್ನು ಹುದುಗಿಸಿ ಬೇಯಿಸುವ ವಿದ್ಯೆಯನ್ನು ಈ ನಗರಕ್ಕೆ ತಂದವರಲ್ಲಿ ಗೋವೆಯವರು ಮುಖ್ಯರು. ಇರಾನಿಗಳೂ ಆ ಕಸುಬಿನಲ್ಲಿ ಬೆಳೆದರು. ಕಡಲೆಹಿಟ್ಟು, ಬೆಳ್ಳುಳ್ಳಿ, ಒಣಕೊಬ್ಬರಿಯ ಚಟ್ನಿಪುಡಿ ಮಾತ್ರ ಈ ನೆಲದವು. ಇಂತಹ ತಿಂಡಿಯನ್ನು ಒಂದು ಪ್ರಾಂತದ ಅಭಿಮಾನದ ಗುರುತಾಗಿ ಎತ್ತಿ ಹಿಡಿದದ್ದು ಇತಿಹಾಸದ ಒಂದು ವಿನೋದ. 1966ರಲ್ಲಿಯೇ ಹುಟ್ಟಿದ ಶಿವಸೇನೆ ಮೊದಲ ವರ್ಷಗಳಲ್ಲಿ ದಕ್ಷಿಣದವರ ಮೇಲೆ ಹರಿಹಾಯ್ದಾಗ ಉಡುಪಿ ಹೋಟೆಲುಗಳ ಗಾಜು ಒಡೆಯಿತು. ಇಡ್ಲಿದೋಸೆಗೆ ಎದುರಾಳಿಯಾಗಿ ವಡಾಪಾವನ್ನು ನಿಲ್ಲಿಸಲಾಯಿತು. ಹೊಟ್ಟೆಗೆ ಈ ರಾಜಕಾರಣ ತಿಳಿಯಲಿಲ್ಲ. ಬೆಳಗ್ಗೆ ಇಡ್ಲಿ ತಿಂದವನೇ ಸಂಜೆ ವಡಾಪಾವು ತಿಂದನು. ಇಂದು ಮುಂಬಯಿಯ ಬೀದಿಯಲ್ಲಿ ‘ಮೈಸೂರು ಮಸಾಲೆ’ ಎಂಬ ಹೆಸರಿನಲ್ಲಿ ಸಿಕ್ಕುವ ದೋಸೆಯನ್ನು ಮೈಸೂರಿನವರು ಕಂಡರೆ ಗುರುತು ಹಿಡಿಯಲಾರರು. ಆದರೂ ಅದಕ್ಕೆ ಅಲ್ಲಿ ಸಾಲು ನಿಲ್ಲುತ್ತಾರೆ. ಇರಲಿ.

ಉಡುಪಿ ಹೋಟೆಲಿನ ಮಾತು ಬಂದುದರಿಂದ ಒಂದು ಹೋಲಿಕೆಯನ್ನು ಇಲ್ಲಿ ಹೇಳಬೇಕು. ಮಾಟುಂಗ ನಿಲ್ದಾಣದ ಮಗ್ಗುಲಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಕರಾವಳಿಯಿಂದ ಹೋದ ಹುಡುಗರು ಎಷ್ಟೋ ಮಂದಿ ಇಂತಹ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ, ಗಲ್ಲದ ಮುಂದೆ ಕೂರುವಷ್ಟು ಮೇಲೇರಿದ್ದು ನಮ್ಮ ಜನದ ಕಥೆಗಳಲ್ಲಿ ದೊಡ್ಡದು. ಅವರ ದುಡಿಮೆ ಅಲ್ಪವಲ್ಲ. ಆದರೆ ಅವರಿಗೆ ಒಂದು ಅನುಕೂಲ ಇತ್ತು: ತಲೆಯ ಮೇಲೆ ಮಾಡು, ಗೋಡೆಯ ಮೇಲೆ ತೂಗುಹಾಕಿದ ಪರವಾನಗಿ. ಕಲ್ಲು ಬಿದ್ದ ದಿನ ಬಾಗಿಲು ಎಳೆದುಕೊಂಡು ಒಳಗೆ ಕೂರಬಹುದಾಗಿತ್ತು. ಬೀದಿಯವನಿಗೆ ಎಳೆದುಕೊಳ್ಳಲು ಬಾಗಿಲೇ ಇಲ್ಲ. ಅಷ್ಟೇ ಬೆವರು ಸುರಿಸಿ ಮೂವತ್ತು ವರ್ಷ ಒಂದೇ ಮೂಲೆಯಲ್ಲಿ ನಿಂತರೂ ಅವನು ನಿನ್ನೆ ಬಂದವನಂತೆಯೇ.

‘ಗಾಡಿ ಆಲೀ!’ ಎಂಬ ಕೂಗು ಗಲ್ಲಿಯ ಕೊನೆಯಿಂದ ಕೇಳಿಬಂದಾಗ ಏನಾಗುತ್ತದೆಂಬುದನ್ನು ದಾದರದಲ್ಲಿ ನಿಂತು ನೋಡಿದ್ದೇನೆ. ಗಾಡಿ ಎಂದರೆ ನಗರಪಾಲಿಕೆಯ ಲಾರಿ. ಕಣ್ಣು ಮಿಟುಕಿಸುವುದರೊಳಗೆ ನಾಲ್ಕು ಮೂಲೆಗೆ ಹಗ್ಗ ಕಟ್ಟಿದ ಬಟ್ಟೆ ಗಂಟಾಗುತ್ತದೆ, ಬುಟ್ಟಿಗಳು ತಲೆಗೇರುತ್ತವೆ. ಸೊಪ್ಪಿನವಳು, ಹೂವಿನವಳು ಕ್ಷಣದಲ್ಲಿ ಮಾಯ. ಕಾದ ಎಣ್ಣೆಯ ಬಾಣಲೆಯಿಟ್ಟವನು ಹಾಗೆ ಓಡಲಾರ. ಎಣ್ಣೆಯನ್ನು ಎತ್ತುವುದೋ, ಗ್ಯಾಸಿನ ಸಿಲಿಂಡರನ್ನು ಎತ್ತುವುದೋ? ಲಾರಿಗೆ ಹೋದ ಸಿಲಿಂಡರನ್ನು ಬಿಡಿಸಿ ತರುವ ದಂಡಕ್ಕಿಂತ ಲಾರಿ ಬಾರದಂತೆ ನೋಡಿಕೊಳ್ಳುವ ‘ಹಫ್ತಾ’ ಅಗ್ಗ ಎಂಬುದು ಅಲ್ಲಿಯವರ ಲೆಕ್ಕಾಚಾರ. ಹತ್ತು ನಿಮಿಷದ ಮೇಲೆ ಲಾರಿ ಹೋಯಿತು. ಬಟ್ಟೆಗಳು ಮತ್ತೆ ಬಿಚ್ಚಿಕೊಂಡವು. ಇದನ್ನು ಆಡಳಿತವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದರ ಎದುರು ಪಕ್ಷಕ್ಕೆ ಆಧಾರವಿಲ್ಲವೆಂದು ನಾನು ಹೇಳುವುದಿಲ್ಲ. 2017ರ ಸೆಪ್ಟೆಂಬರ್ 29ರ ಬೆಳಗ್ಗೆ, ಆಗ ಎಲ್ಫಿನ್‌ಸ್ಟನ್ ರೋಡ್ ಎಂದು ಹೆಸರಿದ್ದ ನಿಲ್ದಾಣದ ಇಕ್ಕಟ್ಟಾದ ಕಾಲುಸೇತುವೆಯ ಮೇಲೆ ನೂಕುನುಗ್ಗಲಾಗಿ 23 ಮಂದಿ ಸತ್ತರು. ಮಳೆಗೆ ಹೆದರಿ ಸೇತುವೆಯ ಮೇಲೆ ನಿಂತ ಜನ, ಒಂದರ ಹಿಂದೊಂದು ಬಂದ ರೈಲುಗಳಿಂದ ಇಳಿದ ಜನ. ಸೇತುವೆಯ ಅಗಲ ಮಾತ್ರ ಗಿರಣಿಗಳ ಕಾಲದ್ದೇ. ಗಿರಣಿಗಳಿದ್ದ ಜಾಗದಲ್ಲಿ ಕಚೇರಿಗಳ ಗೋಪುರಗಳೆದ್ದು ನಿಂತು ವರ್ಷಗಳಾಗಿದ್ದವು. ತಪ್ಪು ಯಾರದೆಂಬುದು ಇಷ್ಟರಿಂದಲೇ ತಿಳಿಯುತ್ತದೆ. ಆದರೆ ಮುಂದಿನ ದಿನಗಳಲ್ಲಿ ಕೆಲವು ರಾಜಕೀಯ ಕಾರ್ಯಕರ್ತರು ನಿಲ್ದಾಣಗಳ ಹೊರಗೆ ಹೋಗಿ ಹೊಡೆದದ್ದು ಸೇತುವೆಯನ್ನು ಅಗಲಿಸದವರನ್ನಲ್ಲ, ತಟ್ಟೆಬುಟ್ಟಿಯವರನ್ನು. ಅದೇ ನವೆಂಬರ್ 1ರಂದು ಮುಂಬಯಿಯ ಉಚ್ಚ ನ್ಯಾಯಾಲಯ, ರೈಲುನಿಲ್ದಾಣದಿಂದ 150 ಮೀಟರಿನೊಳಗೆ, ಶಾಲೆ, ಆಸ್ಪತ್ರೆ, ದೇವಸ್ಥಾನಗಳಿಂದ 100 ಮೀಟರಿನೊಳಗೆ ಬೀದಿವ್ಯಾಪಾರ ಕೂಡದೆಂದು ಸಾರಿತು. ಈ ಅಳತೆ ಹೊಸದಲ್ಲ; 2003ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಲ್ಲಿಯೂ ಇದ್ದಿತು. ನಿಲ್ದಾಣದ ಬಾಯಿ ತೆರವಾಗಿರಬೇಕೆಂಬುದು ನ್ಯಾಯವೇ. ಆದರೆ ದಿನವೂ ಸುಮಾರು 70 ಲಕ್ಷ ಜನ ಲೋಕಲ್ ರೈಲುಗಳಲ್ಲಿ ಓಡಾಡುವ ಊರಿನಲ್ಲಿ ಹಸಿವು ಇರುವುದೂ ಆ 150 ಮೀಟರಿನೊಳಗೇ. ವಡಾಪಾವಿಗೆ ಅದು ಹುಟ್ಟಿದ ಮನೆಯ ಅಂಗಳದಲ್ಲಿಯೇ ಪ್ರವೇಶವಿಲ್ಲವೆಂದಂತಾಯಿತು.

2024ರ ಜೂನ್ ತಿಂಗಳಿನಲ್ಲಿ ಅದೇ ಉಚ್ಚ ನ್ಯಾಯಾಲಯ ಕೇಳಿದ ಪ್ರಶ್ನೆ ಹರಿತವಾದುದು: ಗಣ್ಯರು ಬರುವ ಒಂದು ದಿನಕ್ಕೆ ಬೀದಿಗಳನ್ನು ತೆರವು ಮಾಡಬಲ್ಲವರು ಸಾಮಾನ್ಯರಿಗಾಗಿ ದಿನವೂ ಏಕೆ ಮಾಡಬಾರದು? ಮರುವರ್ಷ ಮೇ 14ರಂದು ಸರ್ವೋಚ್ಚ ನ್ಯಾಯಾಲಯ, ಕಾಲುದಾರಿಯ ಮೇಲೆ ನಿರ್ಭಯವಾಗಿ ನಡೆಯುವುದು ಸಂವಿಧಾನದ 21ನೆಯ ವಿಧಿಯೊಳಗಿನ ಹಕ್ಕೆಂದು ಹೇಳಿತು. ಮಂಡಿನೋವಿನವನಾದ ನನಗೆ ಈ ತೀರ್ಪು ಹಿಡಿಸಿತು. ಆದರೆ ಅದೇ ನ್ಯಾಯಾಲಯ 1989ರಲ್ಲಿ ಸೋದನ್ ಸಿಂಗ್ ಮೊಕದ್ದಮೆಯಲ್ಲಿ ಬೀದಿಯಲ್ಲಿ ಮಾರುವುದೂ ಮೂಲಭೂತ ಹಕ್ಕೇ ಎಂದಿತ್ತು, ಇಂತಹುದೇ ಜಾಗದಲ್ಲಿ ಎಂಬ ಹಟ ಸಲ್ಲದೆಂಬ ನಿಬಂಧನೆಯೊಡನೆ. ಎರಡು ಹಕ್ಕುಗಳು ಒಂದೇ ಆರಡಿ ಅಗಲದ ಹಾಸುಗಲ್ಲಿನ ಮೇಲೆ ಎದುರುಬದುರಾದಾಗ ದಾರಿ ಮಾಡುವುದಕ್ಕೆಂದೇ 2014ರಲ್ಲಿ ಸಂಸತ್ತು ಬೀದಿವ್ಯಾಪಾರಿಗಳ ಕಾನೂನನ್ನು ಮಾಡಿತು. ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯ ಕಾನೂನು. ಮೊದಲು ಎಣಿಕೆ, ಆಮೇಲೆ ಪ್ರಮಾಣಪತ್ರ, ಅಲ್ಲಿಯವರೆಗೆ ಯಾರನ್ನೂ ಎಬ್ಬಿಸತಕ್ಕದ್ದಲ್ಲ. ಐದು ವರ್ಷಕ್ಕೊಮ್ಮೆ ಮತ್ತೆ ಎಣಿಕೆ. ಜಾಗ ಗೊತ್ತುಮಾಡುವ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳದೇ ಚುನಾಯಿತ ಪ್ರತಿನಿಧಿಗಳು, ಅವರಲ್ಲಿ ಮೂರನೆಯ ಒಂದು ಪಾಲು ಸ್ತ್ರೀಯರು. ಜನಸಂಖ್ಯೆಯ ಶೇಕಡ 2.5ರವರೆಗೆ ಜಾಗ ಕೊಡಬಹುದು.

ಈ ಲೆಕ್ಕವನ್ನು ಮುಂಬಯಿಗೆ ಹಾಕಿ ನೋಡೋಣ. 2011ರ ಜನಗಣತಿಯಂತೆ ನಗರದ ಜನ 1 ಕೋಟಿ 24 ಲಕ್ಷ. ಅದರ ಶೇಕಡ 2.5 ಎಂದರೆ 3 ಲಕ್ಷ 10 ಸಾವಿರ. 2014ರ ಎಣಿಕೆಯಲ್ಲಿ ಅರ್ಜಿ ತುಂಬಿ ಕೊಟ್ಟವರು ಸುಮಾರು 99 ಸಾವಿರ. ಅರ್ಹರೆಂದು ಉಳಿದವರು 32 ಸಾವಿರ ಚಿಲ್ಲರೆ. ರಾಜ್ಯದ ನಿವಾಸಿಯೆಂಬ ಪ್ರಮಾಣಪತ್ರ ತರಬೇಕೆಂಬ ನಿಬಂಧನೆ ದೊಡ್ಡ ವಿವಾದವಾಯಿತು. ಬೀದಿಯಲ್ಲಿ ಮಲಗಿ ಬೀದಿಯಲ್ಲಿ ದುಡಿದವನು ನಿವಾಸದ ಪತ್ರವನ್ನು ಯಾವ ಪೆಟ್ಟಿಗೆಯಿಂದ ತೆಗೆದು ತೋರಿಸಬೇಕು? ಆ ಹಳೆಯ ಪಟ್ಟಿಯನ್ನೇ ಹಿಡಿದು ಸಮಿತಿಯ ಚುನಾವಣೆಗೆ ಮತ ಹಾಕಿಸಿದ್ದು 2024ರ ಆಗಸ್ಟ್ 29ರಂದು, ಕಾನೂನು ಬಂದು ಹತ್ತು ವರ್ಷಗಳಾದ ಮೇಲೆ.

ಜಾಗ ಗೊತ್ತುಮಾಡಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾದುದಿಲ್ಲ. ಗಿರಗಾಂವ ಚೌಪಾಟಿಯಲ್ಲಿ ಭೇಳಿನ ಅಂಗಡಿಗಳನ್ನು ಮರಳಿನ ಒಂದು ಬದಿಗೆ ಸಾಲಾಗಿ ಕೂಡಿಸಿದ್ದಾರೆ. ಹಳಬರು ಹಿಂದಿನ ಚದುರಿದ ಗಾಡಿಗಳ ಸೊಗಸು ಹೋಯಿತೆಂದು ಕೊರಗುತ್ತಾರೆ. ನನಗೇನೋ ಸಂಜೆಯ ಗಾಳಿಯಲ್ಲಿ ಕುರುಮುರಿ ಮೆತ್ತಗಾಗುವ ಮೊದಲೇ ತಿಂದು ಮುಗಿಸುವ ಆ ಅವಸರದ ಸುಖದಲ್ಲಿ ಕೊರತೆ ಕಾಣಲಿಲ್ಲ. ಹುಳಿ, ಸಿಹಿ, ಖಾರ ಮೂರೂ ಒಂದರ ಬೆನ್ನಿಗೊಂದು ನಾಲಗೆಗೆ ಬರುವುದು ಹಿಂದಿನಂತೆಯೇ. ಅಹಮದಾಬಾದಿನ ಕಾಂಕರಿಯಾ ಕೆರೆಯ ದಂಡೆಯ ತಿಂಡಿಸಾಲು 2018ರಲ್ಲಿಯೇ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದಿಂದ ಶುಚಿತ್ವದ ಮನ್ನಣೆ ಪಡೆಯಿತು. ನಲ್ಲಿಯ ನೀರು, ಕಸದ ತೊಟ್ಟಿ, ದೀಪ, ಇವನ್ನು ಒದಗಿಸಿದರೆ ಬೀದಿಯವನು ಹೊಲಸಾಗಿರಲೇಬೇಕೆಂದು ವ್ರತ ತೊಟ್ಟಿರುವವನಲ್ಲ. ನಾಳೆ ಈ ಜಾಗದಲ್ಲಿ ಇರುತ್ತೇನೋ ಇಲ್ಲವೋ ಎಂಬವನು ನೆಲ ತೊಳೆಯುವುದೇತಕ್ಕೆ?

ಪಾವಿಗೂ ಈಚೆಗೆ ಕಂಟಕ ಬಂದಿದೆ. ಕಟ್ಟಿಗೆ, ಕಲ್ಲಿದ್ದಲುಗಳ ಒಲೆಯಿಟ್ಟುಕೊಂಡ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿಗೋ ಬೇರೆ ಹೊಗೆಯಿಲ್ಲದ ಇಂಧನಕ್ಕೋ ಬದಲಾಗಬೇಕೆಂದು ಉಚ್ಚ ನ್ಯಾಯಾಲಯ 2025ರ ಜನವರಿಯಲ್ಲಿ ಆಜ್ಞೆ ಮಾಡಿತು. ಕಟ್ಟಿಗೆಯ ಒಲೆಯ ಪಾವಿನ ಮೇಲ್ಪದರದ ಘಮವನ್ನು ನೆನೆದು ಮರುಗುವವರ ಜೊತೆಗೆ ನಾನು ಸೇರಲಾರೆ. ಅಗ್ಗವೆಂದು ಮುರಿದ ಮೇಜುಕುರ್ಚಿಗಳನ್ನು, ಬಣ್ಣ ಬಳಿದ ಹಲಗೆಗಳನ್ನು ಸುಡುವ ಒಲೆಗಳೂ ಉಂಟು. ಆ ಹೊಗೆ ಮಗುವಿನ ಎದೆಗೂ ಹೋಗುತ್ತದೆ, ಒಲೆಯ ಮುಂದೆ ರಾತ್ರಿಯೆಲ್ಲ ನಿಲ್ಲುವ ಕೆಲಸಗಾರನ ಎದೆಗೆ ಮೊದಲು ಹೋಗುತ್ತದೆ. ಒಲೆ ಬದಲಾಗಲಿ. ಆದರೆ ಅದರ ವೆಚ್ಚ ಪಾವಿನ ಬೆಲೆಯಾಗಿ ಇಳಿದು ಕೊನೆಗೆ ಕೂರುವುದು ವಡಾಪಾವನ್ನೇ ಮಧ್ಯಾಹ್ನದ ಊಟ ಮಾಡಿಕೊಂಡವನ ಮೇಲೆ. ಬೇಕರಿಯವರಿಗೆ ಸಾಲವೋ ಸಹಾಯಧನವೋ ಕೊಡದೆ ಗಡುವನ್ನು ಮಾತ್ರ ಕೊಡುವುದು ಅರ್ಧ ಕೆಲಸ.

ಸಾಲದ ಮಾತಿಗೆ ಬಂದರೆ ಒಂದು ವಿಚಿತ್ರವನ್ನು ವಾಚಕರ ಮುಂದಿಡಬೇಕು. ಮಹಾಮಾರಿಯ ವರ್ಷವಾದ 2020ರಲ್ಲಿ ಕೇಂದ್ರ ಸರ್ಕಾರ ಬೀದಿವ್ಯಾಪಾರಿಗಳಿಗಾಗಿ ಸ್ವನಿಧಿ ಎಂಬ ಯೋಜನೆಯನ್ನು ತಂದಿತು. ಮೊದಲ ಕಂತಿನ ಸಾಲ 10 ಸಾವಿರ ರೂಪಾಯಿ. 2025ರಲ್ಲಿ ಅದನ್ನು 15 ಸಾವಿರಕ್ಕೆ ಏರಿಸಿದರು. 2023ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ಮುಂಬಯಿಗೆ ಬಂದಾಗ ಈ ಸಾಲ ಮಂಜೂರಾದ ಫಲಾನುಭವಿಗಳು ಒಂದು ಲಕ್ಷಕ್ಕೆ ಮೀರಿದವರೆಂದು ಸರ್ಕಾರವೇ ಪ್ರಕಟಿಸಿತು. ಸಾಲ ಕೊಡುವಾಗ ಲಕ್ಷಕ್ಕೆ ಮೀರಿ ಕಂಡ ವ್ಯಾಪಾರಿಗಳು ಮತ ಕೊಡುವಾಗ 32 ಸಾವಿರವಾದದ್ದು ಹೇಗೆ? ಬ್ಯಾಂಕಿನ ಪುಸ್ತಕದಲ್ಲಿ ಬೀದಿವ್ಯಾಪಾರಿಯೆಂದು ಹೆಸರಿರುವ ಒಬ್ಬನ ತಳ್ಳುಗಾಡಿಯನ್ನು ಪಾಲಿಕೆಯ ಲಾರಿ ಅನಧಿಕೃತವೆಂದು ಎತ್ತಿಕೊಂಡು ಹೋದರೆ ಅವನು ಆ ಕಂತನ್ನು ಯಾವುದರಿಂದ ಕಟ್ಟಬೇಕು? ಈ ಎರಡು ಪಟ್ಟಿಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ತಾಳೆ ನೋಡುವುದಕ್ಕೆ ಹೊಸ ಕಾನೂನೂ ಬೇಡ, ಹೊಸ ಸಮಿತಿಯೂ ಬೇಡ. ಒಬ್ಬ ಗುಮಾಸ್ತನ ಕೆಲವು ವಾರಗಳ ದುಡಿಮೆ ಸಾಕು. ಐದು ವರ್ಷಕ್ಕೊಮ್ಮೆ ಆಗಬೇಕಾದ ಎಣಿಕೆಯನ್ನು ಅಲ್ಲಿಂದಲೇ ತೊಡಗಬಹುದು.