ಗೋಣಿಚೀಲ ಹೊತ್ತ ವಿಮಾನದ ಸಲಾಮು

"ಹೋದಾಂವ ಹೋದ. ಮ್ಯಾಲೆ ಹಳೇ ವಿಮಾನ ಹಾರಿಸಿದ್ರ ಅವಗೇನು ಗೊತ್ತಾಗ್ತದರಿ? ಎಣ್ಣಿ ಖರ್ಚು ಯಾರ ಲೆಕ್ಕಕ್ಕ?" ಅಡತ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಹಿರಿಯ ವ್ಯಾಪಾರಿಯೊಬ್ಬರು ನನಗೆ ಹಾಕಿದ ಪ್ರಶ್ನೆ ಇದು. ಮಾತು ಇಂಗ್ಲೆಂಡಿನ ಕ್ಯಾಪ್ಟನ್ ಟಾಮ್ ಮೂರ್ ಅವರ ಅಂತ್ಯಕ್ರಿಯೆಯ ಮೇಲೆ ಬಂದಿತ್ತು. ಲೆಕ್ಕದ ಮನುಷ್ಯರ ಪ್ರಶ್ನೆ, ತಪ್ಪೇನಿಲ್ಲ. ಅಂದು ನನಗೆ ಉತ್ತರ ಹೊಳೆಯಲಿಲ್ಲ. ಇಂದು ಬರೆಯುತ್ತಿದ್ದೇನೆ.

ಈ ಮೂರ್ ಅಜ್ಜ ಎರಡನೇ ಮಹಾಯುದ್ಧದಲ್ಲಿ ಭಾರತಕ್ಕೆ ಬಂದು, ಇಲ್ಲಿಂದ ಬರ್ಮಾದ ಅರಾಕಾನ್ ಪ್ರಾಂತಕ್ಕೆ ಹೋಗಿ ದುಡಿದವರು. 2020ರ ಕೊರೊನಾ ಕಾಲದಲ್ಲಿ, ಇನ್ನೇನು ನೂರು ತುಂಬುತ್ತದೆ ಅನ್ನುವಾಗ, ಆಸ್ಪತ್ರೆ ಸಿಬ್ಬಂದಿಗೆ ನೆರವಾಗಲೆಂದು ನಡೆಗೋಲಿನ ಗಾಡಿ ಹಿಡಿದು ಮನೆಯ ಹಿತ್ತಲಲ್ಲಿ ನೂರು ಸುತ್ತು ನಡೆಯಲು ನಿಂತರು. ಸಾವಿರ ಪೌಂಡ್ ಕೂಡಿದರೆ ಸಾಕು ಅಂದುಕೊಂಡಿದ್ದರು, ಕೂಡಿದ್ದು 3 ಕೋಟಿ 20 ಲಕ್ಷ ಪೌಂಡಿಗೂ ಮಿಕ್ಕಿ! (ಅವರ ಹೆಸರಿನಲ್ಲಿ ಮನೆಯವರು ಆಮೇಲೆ ತೆರೆದ ಸಂಸ್ಥೆಯ ಮೇಲೆ ತನಿಖೆ ನಡೆದದ್ದು ಬ್ಯಾರೆ ಕಥೆ. ಹಿತ್ತಲ ನಡಿಗೆಯ ಹಣ ಆ ಸಂಸ್ಥೆಗೆ ಹೋದದ್ದಲ್ಲ. ಇದನ್ನು ಹೇಳದಿದ್ದರೆ ನನ್ನ ವ್ಯಾಪಾರಿ ಮಿತ್ರರು ಬಿಡುವವರಲ್ಲ.) 2020ರ ಏಪ್ರಿಲ್ 30ರಂದು ನೂರು ತುಂಬಿದಾಗ, ಯುದ್ಧಕಾಲದ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳು ಅವರ ಮನೆಯ ಮೇಲೆ ಹಾರಿಹೋದವು. ಕಂಬಳಿ ಹೊದ್ದು ಕೂತಿದ್ದ ಅಜ್ಜ ಅವಕ್ಕೆ ಕೈ ಎತ್ತಿದರು.

2021ರ ಫೆಬ್ರವರಿ 2ರಂದು ತೀರಿಕೊಂಡರು. ಇಡೀ ದೇಶ ಬಲ್ಲ ಮನುಷ್ಯ, ಆದರೆ 27ನೇ ತಾರೀಖು ಬೆಡ್‌ಫರ್ಡಿನ ಚಿತಾಗಾರದಲ್ಲಿ ಮನೆಯವರೇ ಎಂಟು ಜನ. ಕೊರೊನಾ ಕಟ್ಟಳೆ. ಆರು ಸೈನಿಕರು ಪೆಟ್ಟಿಗೆಗೆ ಹೆಗಲು ಕೊಟ್ಟರು, ಬಂದೂಕಿನ ಗೌರವವಾಯಿತು, ತುತ್ತೂರಿ ಊದಿದರು. ಮೇಲೆ ಆಕಾಶದಲ್ಲಿ 1942ರಲ್ಲಿ ತಯಾರಾದ ಒಂದು ಡಕೋಟಾ ವಿಮಾನ ಹಾದುಹೋಯಿತು.

ಈ ಸಲ ಯುದ್ಧವಿಮಾನ ಬಿಟ್ಟು ಡಕೋಟಾ ಬಂತು ಅನ್ನುವುದನ್ನು ನೋಡಬೇಕು. ಡಕೋಟಾ ಗುಂಡು ಹಾರಿಸುವ ವಿಮಾನವಲ್ಲ. ಅದು ಸಾಮಾನಿನ ಬಂಡಿ. ಬರ್ಮಾದ ಕಾಡಿನಲ್ಲಿ ರಸ್ತೆಯಿಲ್ಲ, ಮಳೆ ಹಿಡಿದರೆ ಹೇಸರಗತ್ತೆಯೂ ಹೋಗದು. ಜನರಲ್ ಸ್ಲಿಮ್ ಅವರ 14ನೇ ಸೇನೆಗೆ ಅಕ್ಕಿ, ಔಷಧಿ, ಮದ್ದುಗುಂಡು ಆಕಾಶದಿಂದಲೇ ಬೀಳಬೇಕು. 1944ರ ಫೆಬ್ರವರಿಯಲ್ಲಿ ಅರಾಕಾನಿನಲ್ಲಿ ಜಪಾನಿಯರು ಸುತ್ತುಗಟ್ಟಿದಾಗ 7ನೇ ಭಾರತೀಯ ಡಿವಿಜನ್ ಕದಲದೆ ನಿಂತದ್ದು ಈ ಬಂಡಿಗಳ ಬಲದ ಮೇಲೆ. ರೇಷ್ಮೆಯ ಪ್ಯಾರಾಚೂಟು ಸಾಲದಾದಾಗ ಸ್ಲಿಮ್ ಕಲ್ಕತ್ತೆಯಲ್ಲಿ ಸೆಣಬಿನ ಪ್ಯಾರಾಚೂಟು ಮಾಡಿಸಿದರು. ನಾವು ಜೋಳ ತುಂಬುವ ಗೋಣಿಯ ಅದೇ ಸೆಣಬು.

ಬಿಳಿಯರ ಲಡಾಯಿ ನಮಗ್ಯಾಕೆ ಅನ್ನುವವರಿದ್ದಾರೆ. ಆ 14ನೇ ಸೇನೆಯಲ್ಲಿ ಹೆಚ್ಚಿನವರು ಭಾರತೀಯರೇ ಇದ್ದರು. ನಮ್ಮೂರ ಮಿಲ್ಟ್ರಿ ಮುತ್ಯಾನೂ ಅವರಲ್ಲೊಬ್ಬ. ಕನ್ನಡದಲ್ಲಿ ಬೈದು ಮರಾಠಿಯಲ್ಲಿ ಲೆಕ್ಕ ಹೇಳುವ ಮನುಷ್ಯ. ಯುದ್ಧದ ಮಾತು ತೆಗೆದರೆ ಬಂದೂಕಿನ ಸುದ್ದಿ ಎತ್ತುತ್ತಲೇ ಇರಲಿಲ್ಲ, ಚೀಲದ ಸುದ್ದಿ ಎತ್ತುತ್ತಿದ್ದ. "ತಮ್ಮಾ, ಚೀಲದಾಗ ಚೀಲ ಇಟ್ಟು ಅಕ್ಕಿ ತುಂಬಿ ಮ್ಯಾಲಿಂದ ಒಗೀತಿದ್ರು. ಒಳಗಿಂದು ಹರಿದ್ರ ಹೊರಗಿಂದು ಹಿಡೀತಿತ್ತು. ಇಮಾನದ ಸಪ್ಪಳ ಕೇಳಿದ್ರ ಅವತ್ತು ಉಂಡೆವು ಅಂತ ಲೆಕ್ಕ." ನಾನು ಸಣ್ಣವ, ಮುದುಕ ಸುಳ್ಳು ಹೇಳ್ತಾನೆ ಅಂದುಕೊಂಡಿದ್ದೆ. ಸೆಣಬಿನ ಸಂಗತಿಯನ್ನು, ಚೀಲದೊಳಗಿನ ಚೀಲವನ್ನು ಬಹಳ ವರ್ಷದ ಮೇಲೆ ಪುಸ್ತಕದಲ್ಲಿ ಓದಿದಾಗ ಮುಖ ಮುಚ್ಚಿಕೊಳ್ಳುವಂತಾಯಿತು. ಅಷ್ಟೊತ್ತಿಗೆ ಮುತ್ಯಾ ಇರಲಿಲ್ಲ.

ಆ ವಿಮಾನಕ್ಕೂ ನಮ್ಮ ಸೀಮೆಗೂ ಇನ್ನೊಂದು ನಂಟುಂಟು. 1940ರ ಡಿಸೆಂಬರಿನಲ್ಲಿ ಬೆಂಗಳೂರಲ್ಲಿ ಹಿಂದುಸ್ಥಾನ್ ವಿಮಾನ ಕಾರ್ಖಾನೆ ಎಬ್ಬಿಸಿದ ವಾಲಚಂದ ಹೀರಾಚಂದರು ಸೋಲಾಪುರದಲ್ಲಿ ಹುಟ್ಟಿದವರು. ಮೈಸೂರು ಸಂಸ್ಥಾನ ಕೈಜೋಡಿಸಿತು. ಮುಂದೆ ಯುದ್ಧಕಾಲದಲ್ಲಿ ಅಮೆರಿಕನ್ ಸೇನೆ ಅದನ್ನು ದುರಸ್ತಿ ಡಿಪೋ ಮಾಡಿಕೊಂಡಿತು. ಡಕೋಟಾಗಳು ಅಲ್ಲಿ ಬಿಚ್ಚಿ, ಕೂಡಿಸಿ, ಮತ್ತೆ ಹಾರಿದವು.

ನಮ್ಮ ವಾಯುಸೇನೆಯಲ್ಲೂ ಹಾರುವ ಹಳೇ ಡಕೋಟಾ ಒಂದಿದೆ. ಗುಜರಿಗೆ ಹೋಗಲಿದ್ದದ್ದನ್ನು ಬ್ರಿಟನ್ನಿನಲ್ಲಿ ದುರಸ್ತಿ ಮಾಡಿಸಿ, ಆಗ ಕರ್ನಾಟಕದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು ಡಕೋಟಾ ಚಾಲಕರಾಗಿದ್ದ ತಮ್ಮ ತಂದೆಯ ಗೌರವಾರ್ಥ ಸೇನೆಗೆ ಕೊಟ್ಟರು. 2018ರಲ್ಲಿ ಅದು ಹಾರುತ್ತಲೇ ಭಾರತಕ್ಕೆ ಬಂತು. ಹೆಸರು ಪರಶುರಾಮ, ನಂಬರು ವಿಪಿ 905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಒಯ್ದ ಡಕೋಟಾದ ನಂಬರನ್ನೇ ಇದಕ್ಕೂ ಕೊಟ್ಟಿದ್ದಾರೆ.

ಈಗ ವ್ಯಾಪಾರಿಯವರ ಪ್ರಶ್ನೆಗೆ ಬರುತ್ತೇನೆ. ಸತ್ತವನಿಗೆ ಗೊತ್ತಾಗುವುದಿಲ್ಲ, ಒಪ್ಪಿದೆ. ನಮ್ಮಲ್ಲಿ ಒಕ್ಕಲಿಗ ಸತ್ತರೆ ಅವನ ಎತ್ತಿಗೂ ಗೊತ್ತಾಗುತ್ತದೆ, ಮೇವು ಬಿಟ್ಟು ನಿಲ್ಲುತ್ತದೆ ಅಂತ ಹೇಳುತ್ತೇವಲ್ಲ? ಅಂಥದ್ದೇ ಇದು. ಅನ್ನ ಹೊತ್ತು ತಂದ ಬಂಡಿ ಕಡೆಗೊಮ್ಮೆ ಬಾಗಿಲಿಗೆ ಬಂದು ನಿಂತ ಹಾಗೆ. ಜನ ಸೇರುವಂತಿಲ್ಲದ ದಿನ ಅದೊಂದೇ ಬಂದು ಊರಿಗೆಲ್ಲ ಸಪ್ಪಳ ಕೇಳಿಸಿತು. ಎಣ್ಣೆಯ ಖರ್ಚನ್ನು ನಾನು ದುಂದು ಅನ್ನಲಾರೆ.

ನನ್ನ ತಕರಾರು ಬೇರೆ ಇದೆ. ವಿಮಾನ ಬರುವುದು ಹೆಸರಾದವರಿಗೆ. ಬರ್ಮಾದಲ್ಲೇ ಹೋರಾಡಿದ ಮಾರ್ಷಲ್ ಅರ್ಜನ್ ಸಿಂಗ್ 2017ರಲ್ಲಿ ತೀರಿಕೊಂಡಾಗ ದಿಲ್ಲಿಯ ಆಕಾಶದಲ್ಲಿ ವಿಮಾನಗಳು ಹಾರಿದವು. ಹಾರಲೇಬೇಕಿತ್ತು. ಆದರೆ ಆ ಯುದ್ಧಕ್ಕೆ ಹೋದ 25 ಲಕ್ಷ ಭಾರತೀಯರಲ್ಲಿ ನಾಯಕ, ಹವಾಲ್ದಾರ, ಅಡುಗೆಯವ, ಹೇಸರಗತ್ತೆ ಕಾಯುವವ ಇವರೆಲ್ಲ ಎಲ್ಲಿ? ಮಿಲ್ಟ್ರಿ ಮುತ್ಯಾ 1994ರಲ್ಲಿ ತೀರಿಕೊಂಡಾಗ ಒಂದು ಕಹಳೆಯೂ ಊದಲಿಲ್ಲ. ಭಜನೆಯವರು ಬಂದರು, ಅಷ್ಟೇ. ಆಯಿಗೆ ಬರಬೇಕಾದ ನೆರವಿನ ಕಾಗದ ಹಿಡಿದು ಮಗ ಎರಡು ರಾಜ್ಯದ ಕಚೇರಿ ತಿರುಗಿದ. ಇಲ್ಲಿ ಹೋದರೆ "ನಿಮ್ಮ ಊರು ಅಲ್ಲಿ ಬರ್ತದ", ಅಲ್ಲಿ ಹೋದರೆ "ಕಾಗದ ಮರಾಠಿಯಲ್ಲಿ ಮಾಡಿಸಿಕೊಂಡು ಬರ್ರಿ". ಆಯಿ ಹೋದ ಮೇಲೆ ತಿರುಗುವುದು ನಿಂತಿತು. ಪದಕಗಳು ಬೋಗಾರರ ತಕ್ಕಡಿಗೆ ಹೋದವು.

ತಗಡಿನ ಪೆಟ್ಟಿಗೆ ಮಾತ್ರ ಉಳಿದಿದೆ. ಅದು ಮೊಮ್ಮಗನ ಅಂಗಡಿಯಲ್ಲಿದೆ, ಅದರ ಮೇಲೆ ಖಾಲಿ ಚೀಲ ಪೇರಿಸಿಟ್ಟಿದ್ದಾನೆ. ಒಳಗೆ ಸೈನ್ಯದಿಂದ ಬಿಡುಗಡೆಯಾದ ಪುಸ್ತಕವಿರಬೇಕೆಂದು ಅವನ ನೆನಪು. ಪಲ್ಟನ್ನಿನ ಹೆಸರು, ನಂಬರು ಅದರಲ್ಲೇ ಸಿಕ್ಕೀತು. ನಿಮ್ಮ ಊರಿನ ಪೆಟ್ಟಿಗೆಗಳನ್ನೂ ತೆರೆದು ನೋಡಿರಿ, ಸಿಕ್ಕದ್ದನ್ನು ಕನ್ನಡವೋ ಮರಾಠಿಯೋ ತೆಲುಗೋ, ಬಂದ ಭಾಷೆಯಲ್ಲಿ ನಮಗೆ ಬರೆದು ಕಳಿಸಿರಿ, ಅಚ್ಚು ಹಾಕುವ ಹೊಣೆ ನನ್ನದು. ಬರುವ ಸಂತೆಯ ದಿನ ಬರುತ್ತೇನೆ, ಚೀಲ ಇಳಿಸಿಡು ಅಂತ ಮೊಮ್ಮಗನಿಗೆ ಹೇಳಿ ಬಂದಿದ್ದೇನೆ. ಕೀಲಿ ಕಳೆದಿದೆಯಂತೆ, ಕಮ್ಮಾರನನ್ನೂ ಕರಕೊಂಡು ಹೋಗಬೇಕು.