ಹೊಸ ಪ್ಲೇಯರ್ ಕೊಳ್ಳುವ ಮುನ್ನ ಬೀರುವಿನ ಸಿಡಿಗಳನ್ನು ತೆಗೆದು ನೋಡಿ

ಚಾಮರಾಜನಗರದ ಆಷಾಢ ರಥೋತ್ಸವ ಹೊಸದಾಗಿ ಮದುವೆಯಾದ ಜೋಡಿಗಳ ತೇರು ಎಂದೇ ಹೆಸರಾದದ್ದು. ಜಿಲ್ಲೆಯ ನಾನಾ ಊರುಗಳಿಂದ ನವದಂಪತಿಗಳು ಬಂದು ತೇರಿಗೆ ಹಣ್ಣು-ಜವನ ಎಸೆದು ಹೋಗುತ್ತಾರೆ. ಚಾಮರಾಜೇಶ್ವರನ ಹಳೆಯ ರಥ 2017ರಲ್ಲಿ ಬೆಂಕಿಗೆ ಸಿಕ್ಕಿತು. ಆಮೇಲೆ ತೇರು ನಿಂತೇ ಹೋಗಿ, ಹೊಸ ರಥ ಸಿದ್ಧವಾಗಿ ಮತ್ತೆ ಬೀದಿಗೆ ಇಳಿದದ್ದು 2022ರಲ್ಲಿ. ಹಳೆಯ ರಥ ಜನರ ನಡುವೆ ಸಾಗುತ್ತಿದ್ದುದನ್ನು ಈಗ ನೋಡಬೇಕೆಂದರೆ ಆಗ ಯಾರೋ ತೆಗೆದ ವಿಡಿಯೋವೇ ಗತಿ. ಕ್ಯಾಮೆರಾ ಇರುವ ಮೊಬೈಲ್ ಎಲ್ಲರ ಕೈಗೂ ಬರುವ ಮೊದಲಿನ ಹತ್ತು ಹದಿನೈದು ವರ್ಷ ಇಂಥ ವಿಡಿಯೋಗಳನ್ನು ಸ್ಟುಡಿಯೋದವರು ಸಿಡಿಗೋ ಡಿವಿಡಿಗೋ ಹಾಕಿ ಕೊಡುತ್ತಿದ್ದರು. ಮದುವೆ, ನಾಮಕರಣ, ಗೃಹಪ್ರವೇಶ, ಊರಹಬ್ಬ, ಜಾತ್ರೆ ಎಲ್ಲವೂ ಹೀಗೆಯೇ ಮನೆಮನೆಯ ಬೀರು ಸೇರಿದವು. ಅವುಗಳಲ್ಲಿ ಬಹುಪಾಲಿಗೆ ಎರಡನೆಯ ಪ್ರತಿ ಇಲ್ಲ. ಆದ್ದರಿಂದ ಚಾಮರಾಜನಗರದಲ್ಲೋ ಗುಂಡ್ಲುಪೇಟೆಯಲ್ಲೋ ಒಂದು ಕುಟುಂಬ ಇವತ್ತು ವಿಡಿಯೋ ಪ್ಲೇಯರ್ ಕೊಳ್ಳುವುದಾದರೆ ಹೊಸ ತಂತ್ರಜ್ಞಾನ ಯಾವುದು ಎಂದು ಕೇಳುವ ಮೊದಲು, ಮನೆಯಲ್ಲಿರುವ ಎಲ್ಲ ಬಗೆಯ ಡಿಸ್ಕನ್ನೂ ಓದಬಲ್ಲದ್ದು ಯಾವುದು ಎಂದು ಕೇಳಬೇಕು. ಈ ಲೆಕ್ಕದಲ್ಲಿ, ಎಲ್ಲರೂ ಹಳತೆಂದು ಬದಿಗೆ ಸರಿಸಿದ ವಿಸಿಡಿಗೆ, ಅಂದರೆ ವಿಡಿಯೋ ತುಂಬಿದ ಸಿಡಿಗೆ, ಮೊದಲ ಸ್ಥಾನ ಕೊಡಬೇಕು.

ವಿಡಿಯೋ ಟೇಪು, ಡಿಸ್ಕುಗಳ ಪೈಪೋಟಿಯ ಚರಿತ್ರೆಯನ್ನು ಸಾಮಾನ್ಯವಾಗಿ ಗೆದ್ದವರ ಕಡೆಯಿಂದ ಹೇಳುತ್ತಾರೆ. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್ ಬಂತು, ಮರುವರ್ಷ ಬಂದ ಜೆವಿಸಿಯ ವಿಎಚ್‌ಎಸ್ ಅದನ್ನು ಸೋಲಿಸಿತು. 1995ರಲ್ಲಿ ಒಂದು ಕಡೆ ಸೋನಿ ಮತ್ತು ಫಿಲಿಪ್ಸ್, ಇನ್ನೊಂದು ಕಡೆ ತೋಷಿಬಾ ಮತ್ತು ಅದರ ಸಂಗಡಿಗರು ಬೇರೆಬೇರೆ ಡಿಸ್ಕ್ ಹಿಡಿದು ನಿಂತಿದ್ದರು. ಕೊನೆಗೆ ರಾಜಿಯಾಗಿ ಡಿವಿಡಿ ಹುಟ್ಟಿತು. 2006ರಲ್ಲಿ ಬ್ಲೂ-ರೇ ಮತ್ತು ಎಚ್‌ಡಿ ಡಿವಿಡಿ ಎದುರಾದವು. 2008ರ ಫೆಬ್ರವರಿಯಲ್ಲಿ ತೋಷಿಬಾ ಕೈಚೆಲ್ಲಿತು. ಈ ಕದನಗಳಲ್ಲಿ ವಿಸಿಡಿಯ ಹೆಸರೇ ಬರುವುದಿಲ್ಲ. 1993ರಲ್ಲಿ ಅದರ ನಿಯಮಾವಳಿ ಸಿದ್ಧವಾಯಿತು. ಅದೇ ವರ್ಷ ಚೀನಾದ ಅನ್‌ಹುಯಿ ಪ್ರಾಂತ್ಯದ ವಾನ್‌ಯಾನ್ ಕಂಪನಿ ಮನೆಬಳಕೆಯ ಮೊದಲ ವಿಸಿಡಿ ಪ್ಲೇಯರ್ ತಯಾರಿಸಿತು. ಅಮೆರಿಕ, ಯುರೋಪಿನ ಮನೆಗಳು ವಿಎಚ್‌ಎಸ್‌ನಿಂದ ನೇರ ಡಿವಿಡಿಗೆ ಹೋದವು. ಚೀನಾ, ಆಗ್ನೇಯ ಏಷ್ಯಾ, ಭಾರತದ ಕೋಟ್ಯಂತರ ಮನೆಗಳು ನಡುವೆ ವಿಸಿಡಿಯ ಕಾಲವೊಂದನ್ನು ಕಂಡವು. ಜಗತ್ತಿನ ದೊಡ್ಡ ಮಾರುಕಟ್ಟೆಗಳ ನೆನಪಿನಲ್ಲಿ ವಿಸಿಡಿ ಇಲ್ಲದಿರುವುದರಿಂದಲೇ ಇವತ್ತಿನ ಯಂತ್ರಗಳ ವಿವರಪಟ್ಟಿಯಿಂದಲೂ ಅದು ಸದ್ದಿಲ್ಲದೆ ಮಾಯವಾಗುತ್ತಿದೆ. ನಮ್ಮ ಮನೆಗಳಲ್ಲಿ ವಿಸಿಡಿ, ಡಿವಿಡಿ ಎರಡೂ ಒಟ್ಟೊಟ್ಟಿಗೆ ಬಾಳಿದ್ದಕ್ಕೆ ಒಂದು ಪುರಾವೆ ಸಾಕು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿ ಭಾರತೀಯ ಭಾಷೆಗಳ ಸಿನಿಮಾ ಡಿಸ್ಕುಗಳನ್ನು ಅಗ್ಗದ ಬೆಲೆಗೆ ಇಳಿಸಿದಾಗ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಇಟ್ಟಿತ್ತು. ಬರೀ ಆರು ರೂಪಾಯಿಯ ಅಂತರವಿದ್ದೂ ವಿಸಿಡಿ ತಯಾರಿಸುವುದು ಲಾಭವೆನಿಸಿತ್ತು ಎಂದರೆ, ಅದನ್ನು ಮಾತ್ರ ಓದುವ ಪ್ಲೇಯರುಗಳು ಎಷ್ಟು ಮನೆಗಳಲ್ಲಿ ಇದ್ದಿರಬೇಕು!

ಈಗ ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ಕೊಳ್ಳುವವರು ಮೋಸಹೋಗುವುದು ಅಲ್ಲೇ. ಸಿಡಿ, ವಿಸಿಡಿಗಳನ್ನು ಓದುವ ಲೇಸರ್ ಬೆಳಕಿನ ತರಂಗಾಂತರ 780 ನ್ಯಾನೋಮೀಟರ್. ಡಿವಿಡಿಗೆ ಬೇಕಾದದ್ದು 650, ಬ್ಲೂ-ರೇಗೆ 405. ಡಿಸ್ಕಿನಲ್ಲಿ ಮಾಹಿತಿ ಇರುವ ಆಳವೂ ಬೇರೆಬೇರೆ: ಸಿಡಿಯಲ್ಲಿ 1.2 ಮಿಲಿಮೀಟರ್, ಡಿವಿಡಿಯಲ್ಲಿ 0.6, ಬ್ಲೂ-ರೇಯಲ್ಲಿ 0.1. ಮೂರೂ ಡಿಸ್ಕುಗಳು ಕಣ್ಣಿಗೆ ಒಂದೇ ಗಾತ್ರದವು, ಒಂದೇ ತಟ್ಟೆಯಲ್ಲಿ ಕೂರುತ್ತವೆ. ಓದುವ ಕೆಲಸ ಮಾತ್ರ ಮೂರು ಬೇರೆ ಕೆಲಸಗಳು. ಸಿನಿಮಾ ಕಂಪನಿ ಕಾರ್ಖಾನೆಯಲ್ಲಿ ಅಚ್ಚೊತ್ತಿದ ವಿಸಿಡಿಯಲ್ಲಿ ಅಲ್ಯೂಮಿನಿಯಂ ಪದರದ ಮೇಲೆ ನಿಜವಾದ ಕುಳಿಗಳಿರುತ್ತವೆ. ಸ್ಟುಡಿಯೋದವರು ಕಂಪ್ಯೂಟರಿನಲ್ಲಿ ಬರೆದುಕೊಟ್ಟ ವಿಸಿಡಿಯಲ್ಲಿ ಕುಳಿಗಳಿಲ್ಲ, ಬಣ್ಣದ ಒಂದು ರಾಸಾಯನಿಕ ಲೇಪವಿದೆ. ಆ ಲೇಪ 780ರ ಬೆಳಕಿಗೆಂದೇ ಹೊಂದಿಸಿದ್ದು. 650ರ ಕೆಂಪು ಬೆಳಕನ್ನು ಅದು ಹಿಂದಕ್ಕೆ ಹೊಳೆಯಿಸದೆ ಹೀರಿಕೊಳ್ಳುತ್ತದೆ. ಕೆಂಪು ಲೇಸರ್ ಒಂದೇ ಇದ್ದ ಮೊದಮೊದಲ ಡಿವಿಡಿ ಪ್ಲೇಯರುಗಳು ಇದೇ ಕಾರಣಕ್ಕೆ ಸಿನಿಮಾ ವಿಸಿಡಿಯನ್ನು ತೋರಿಸಿ, ಮದುವೆಯ ವಿಸಿಡಿ ಹಾಕಿದರೆ ಖಾಲಿ ಎನ್ನುತ್ತಿದ್ದವು. ಆಮೇಲೆ ಎರಡು ಲೇಸರ್ ಇರುವ ಯಂತ್ರಗಳು ಬಂದವು. ಅವುಗಳಲ್ಲೂ ಎರಡು ಲೇಸರುಗಳು ಬೇರೆಬೇರೆಯಾಗಿ ಸವೆಯುತ್ತವೆ. ಡಿವಿಡಿ ಚೆನ್ನಾಗಿ ಓಡಿ ಸಿಡಿ ಮಾತ್ರ ಓಡುತ್ತಿಲ್ಲವೆಂದರೆ ಸಿಡಿಯ ಲೇಸರೇ ಸೊರಗಿರಬಹುದು. ಡಿಸ್ಕೇ ಹಾಳಾಗಿದೆ ಎಂದು ತೀರ್ಮಾನಿಸಿ ಅದನ್ನು ಗುಜರಿಗೆ ಹಾಕಿಬಿಟ್ಟರೆ ಮುಗಿಯಿತು, ಆ ಮದುವೆಯ ವಿಡಿಯೋ ಮತ್ತೆ ಸಿಗದು.

ಈ ಕಾರಣಕ್ಕೆ ಅಂಗಡಿಗೆ ಹೋಗುವಾಗ ಕೈಯಲ್ಲಿ ಡಿಸ್ಕುಗಳು ಇರಬೇಕು: ಕಾರ್ಖಾನೆಯ ಸಿನಿಮಾ ವಿಸಿಡಿ ಒಂದು, ಸ್ಟುಡಿಯೋದವರು ಬರೆದ ವಿಸಿಡಿ ಒಂದು, ಅವರೇ ಬರೆದ ಡಿವಿಡಿ ಒಂದು, ಎಂಪಿ3 ಭಕ್ತಿಗೀತೆಗಳ ಡಿಸ್ಕ್ ಒಂದು. ಸ್ಟುಡಿಯೋ ಡಿವಿಡಿಯಲ್ಲೂ ಎರಡು ಜಾತಿ. 1997ರ ಡಿವಿಡಿ-ಆರ್ ಒಂದಾದರೆ, ಸೋನಿ, ಫಿಲಿಪ್ಸ್ ಮುಂತಾದವರು 2002ರಲ್ಲಿ ಎದುರಿಗೆ ನಿಲ್ಲಿಸಿದ ಡಿವಿಡಿ+ಆರ್ ಇನ್ನೊಂದು. ನಡುವಿನ ಒಂದು ಗೀಟು ಅಡ್ಡಗೆರೆಯೋ ಕೂಡು ಚಿಹ್ನೆಯೋ ಎಂಬುದರ ಮೇಲೆ ಕೆಲವು ಹಳೆಯ ಯಂತ್ರಗಳು ಓದುವುದೂ ಬಿಡುವುದೂ ನಿಂತಿತ್ತು. ಪೆಟ್ಟಿಗೆಯ ಮೇಲೆ ಅಚ್ಚಾದ ಲಾಂಛನಗಳನ್ನು ನಂಬುವುದಕ್ಕಿಂತ ಮಾಲೀಕರ ಎದುರೇ ನಾಲ್ಕೂ ಡಿಸ್ಕುಗಳನ್ನು ಹಾಕಿಸಿ, ಹತ್ತು ಹತ್ತು ನಿಮಿಷ ಓಡಿಸಿ ನೋಡುವುದು ಮೇಲು. ಓದುವ ಶಕ್ತಿ ಕುಂದಿದ ಯಂತ್ರ ಸಾಮಾನ್ಯವಾಗಿ ಡಿಸ್ಕಿನ ಹೊರ ಅಂಚಿನ ಕಡೆ ತಡವರಿಸುತ್ತದೆ. ಅಲ್ಲಿರುವುದು ವಿಡಿಯೋದ ಕೊನೆಯ ಭಾಗ. ಹೀಗಾಗಿ ಕೊನೆಯ ಭಾಗವನ್ನೂ ಓಡಿಸಿ ನೋಡಬೇಕು.

ಬ್ಲೂ-ರೇ ಪ್ಲೇಯರ್ ಕೊಂಡರೆ ಅದರಲ್ಲೇ ಎಲ್ಲವೂ ಬಂತಲ್ಲ ಎಂಬ ವಾದವನ್ನು ತೂಗಿ ನೋಡಬೇಕು. ಡಿವಿಡಿಯ ಮಟ್ಟಿಗೆ ಅದು ನಿಜ. ವಿಸಿಡಿಯ ಮಟ್ಟಿಗೆ ಯಾವ ಭರವಸೆಯೂ ಇಲ್ಲ. ಸಿಡಿ ಓದುವ ಲೇಸರ್ ಇದ್ದರೂ ವಿಸಿಡಿಯ ಎಂಪೆಗ್-1 ಚಿತ್ರವನ್ನು ಬಿಡಿಸುವ ತಂತ್ರಾಂಶವನ್ನು ಕೆಲವು ಮಾದರಿಗಳಲ್ಲಿ ಇಟ್ಟಿದ್ದಾರೆ, ಕೆಲವುಗಳಲ್ಲಿ ಬಿಟ್ಟಿದ್ದಾರೆ. ಆಟದ ಯಂತ್ರವೇ ಪ್ಲೇಯರೂ ಆಗುತ್ತದೆ ಎಂದು ಮನೆಯ ಹುಡುಗರು ಹೇಳಿದರೆ ಇನ್ನೂ ಎಚ್ಚರ ಬೇಕು. ಪ್ಲೇಸ್ಟೇಷನ್ 4 ಮತ್ತು 5 ಬ್ಲೂ-ರೇ ಓದುತ್ತವೆ, ಡಿವಿಡಿ ಓದುತ್ತವೆ, ಆದರೆ ಸಿಡಿಯನ್ನು ಓದುವುದೇ ಇಲ್ಲ. ವಿಚಿತ್ರವೆಂದರೆ ದೊಡ್ಡ ಹೆಸರಿಲ್ಲದ ಅಗ್ಗದ ಡಿವಿಡಿ ಪ್ಲೇಯರೇ ಈ ಪರೀಕ್ಷೆಯಲ್ಲಿ ಹಲವು ಸಲ ಗೆಲ್ಲುತ್ತದೆ. ಅದರೊಳಗಿನ ಚಿಪ್ಪುಗಳು ವಿಸಿಡಿಯೇ ರಾಜನಾಗಿದ್ದ ಚೀನಾದ ಮಾರುಕಟ್ಟೆಗಾಗಿ ಬೆಳೆದು ಬಂದವು. ವಿಸಿಡಿ, ಎಸ್‌ವಿಸಿಡಿ, ಎಂಪಿ3, ಒಂದೇ ಡಿಸ್ಕಿನಲ್ಲಿ ನಾಲ್ಕೈದು ಸಿನಿಮಾ ತುಂಬಿದ ಎಂಪೆಗ್-4, ಯಾವುದಕ್ಕೂ ಇಲ್ಲವೆನ್ನುವುದಿಲ್ಲ. ಚಿತ್ರದ ಗುಣಮಟ್ಟ ಕಡಿಮೆ ಎನ್ನುವವರಿಗೆ ಉತ್ತರ ಅಂಕಿಗಳಲ್ಲೇ ಇದೆ. ವಿಸಿಡಿಯಲ್ಲಿ ಚಿತ್ರ 352 ಅಡ್ಡ 288 ಚುಕ್ಕಿ, ಡಿವಿಡಿಯಲ್ಲಿ 720 ಅಡ್ಡ 576. ಡಿಸ್ಕಿನಲ್ಲಿ ಇಲ್ಲದ ಚುಕ್ಕಿಗಳನ್ನು ಯಾವ ದುಬಾರಿ ಯಂತ್ರವೂ ತಂದು ಸೇರಿಸಲಾರದು. ಆ ಹಣವನ್ನು ಉಳಿಸಿ, ಬದಲಿಗೆ ಹಿಂಬದಿಯ ತೂತುಗಳನ್ನು ಗಮನಿಸುವುದು ಜಾಣತನ. ಹಳದಿ, ಕೆಂಪು, ಬಿಳಿ ಪಿನ್ನಿನ ಎವಿ ಕೇಬಲ್ ಹಾಕುವ ಜಾಗವೂ ಎಚ್‌ಡಿಎಂಐ ಜಾಗವೂ ಎರಡೂ ಇರಬೇಕು. ಹೊಸ ಟಿವಿಗಳಲ್ಲಿ ಮೂರು ಪಿನ್ನಿನ ಜಾಗ ಕಾಣೆಯಾಗುತ್ತಿದೆ.

ಗಡಿ ಜಿಲ್ಲೆಯ ಮನೆಗಳಿಗೆ ಇನ್ನೊಂದು ತೊಡಕಿದೆ. ಗುಂಡ್ಲುಪೇಟೆಯಿಂದ ಒಂದು ದಾರಿ ವಯನಾಡಿಗೆ, ಇನ್ನೊಂದು ಊಟಿಗೆ. ಕೇರಳದ ಕಡೆಯ ನೆಂಟರು, ಸ್ನೇಹಿತರ ಮೂಲಕ ಕೊಲ್ಲಿ ದೇಶಗಳಿಂದ ಬಂದ ಡಿಸ್ಕುಗಳೂ, ಅಮೆರಿಕದಲ್ಲಿರುವ ಮಕ್ಕಳು ಕಳಿಸಿದ ಡಿಸ್ಕುಗಳೂ ಮನೆಯಲ್ಲಿ ಇರಬಹುದು. ಸಿನಿಮಾ ಡಿವಿಡಿಗಳಿಗೆ ವಲಯದ ಬೀಗವಿದೆ: ಭಾರತ 5, ಕೊಲ್ಲಿ ಮತ್ತು ಯುರೋಪ್ 2, ಅಮೆರಿಕ 1. ಅಮೆರಿಕದ ವಿಡಿಯೋ ಎನ್‌ಟಿಎಸ್‌ಸಿ, ನಮ್ಮದು ಪಾಲ್. ಸೆಕೆಂಡಿಗೆ ಬರುವ ಚಿತ್ರಗಳ ಲೆಕ್ಕವೇ ಬೇರೆ. ಸ್ಟುಡಿಯೋ ಬರೆದ ಡಿಸ್ಕಿಗೆ ವಲಯದ ಬೀಗ ಸಾಮಾನ್ಯವಾಗಿ ಇರುವುದಿಲ್ಲ, ವಿಸಿಡಿಗಂತೂ ಅಂಥ ಬೀಗವೇ ಇಲ್ಲ. ಎಲ್ಲ ವಲಯದ ಡಿಸ್ಕನ್ನೂ ಎರಡೂ ಪದ್ಧತಿಯ ವಿಡಿಯೋವನ್ನೂ ತೋರಿಸುವ ಪ್ಲೇಯರನ್ನು ಆರಿಸಿಕೊಂಡರೆ ಮುಗಿಯಿತು.

ಎಲ್ಲವೂ ಯೂಟ್ಯೂಬಿನಲ್ಲಿ ಸಿಗುವಾಗ ಡಿಸ್ಕಿನ ಹಂಗೇಕೆ ಎಂಬುದೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಸಿನಿಮಾದ ಮಟ್ಟಿಗೆ ಈ ಮಾತಿಗೆ ಎದುರಿಲ್ಲ, ಡಾ. ರಾಜ್ ಸಿನಿಮಾ ನೋಡಲು ಇವತ್ತು ಯಾರೂ ಡಿಸ್ಕ್ ಹುಡುಕಬೇಕಿಲ್ಲ. ಈ ಜಿಲ್ಲೆಯ ಸ್ವಂತ ಸಂಪತ್ತಿನ ಕತೆ ಬೇರೆ. ಮಲೆ ಮಹದೇಶ್ವರನ ಕಾವ್ಯವನ್ನು ಹಾಡುವ ಕಂಸಾಳೆಯವರು, ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕತೆಯನ್ನು ತಂಬೂರಿ ಹಿಡಿದು ಹಾಡುವ ನೀಲಗಾರರು ರಾತ್ರಿಯಿಡೀ ಹಾಡುವವರು. ಆ ಕಾವ್ಯಗಳು ದೊಡ್ಡ ಸಂಪುಟಗಳಾಗಿ ಅಚ್ಚಾಗಿವೆ, ಕಂಸಾಳೆ ಮಹದೇವಯ್ಯನವರಂಥ ಹೆಸರಾಂತ ಗಾಯಕರ ಧ್ವನಿಮುದ್ರಣವೂ ಇದೆ. ಒಂದೊಂದು ಮೇಳ ಒಂದೊಂದು ಸಾಲನ್ನು ಬೇರೆ ರೀತಿ ಎತ್ತುತ್ತದೆ, ಒಂದು ಕತೆಯನ್ನು ಹಿಗ್ಗಿಸಿ ಇನ್ನೊಂದನ್ನು ಬಿಡುತ್ತದೆ. ಹಳ್ಳಿಯ ಹರಕೆಯ ರಾತ್ರಿಯಲ್ಲಿ ಹಾಡಿದ ಹೆಸರಿಲ್ಲದ ಮೇಳದ ಹಾಡು ಅಚ್ಚಿನಲ್ಲೂ ಇಲ್ಲ, ಕಂಪನಿಯ ಕ್ಯಾಸೆಟ್ಟಿನಲ್ಲೂ ಇಲ್ಲ. ಅದು ಉಳಿದಿದ್ದರೆ ಹರಕೆ ಹೊತ್ತ ಮನೆಯವರು ಮಾಡಿಸಿದ ವಿಡಿಯೋದಲ್ಲಿ ಉಳಿದಿದೆ. ಒಂದು ವಿಸಿಡಿಯಲ್ಲಿ ಹಿಡಿಯುವುದು 74ರಿಂದ 80 ನಿಮಿಷ. ರಾತ್ರಿಯ ಹಾಡೆಂದರೆ ಡಿಸ್ಕುಗಳ ಒಂದು ಕಟ್ಟು. ಹಾಡಿದವರಲ್ಲಿ ಹಲವರು ಈಗಿಲ್ಲ. ಯೂಟ್ಯೂಬಿಗೆ ಏರಿಸುವವರೂ ಮೊದಲು ಆ ಡಿಸ್ಕನ್ನು ಯಾವುದಾದರೂ ಯಂತ್ರದಲ್ಲಿ ಓದಿಸಲೇಬೇಕು. ಅಲ್ಲದೆ ಮನೆಯ ಹೆಣ್ಣುಮಕ್ಕಳ ಸೀಮಂತವನ್ನೂ ಸಾವಿನ ಮನೆಯ ದುಃಖವನ್ನೂ ಲೋಕದ ಮುಂದೆ ಇಡಲು ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಪೆನ್ ಡ್ರೈವಿಗೆ ಹಾಕಿಸಿ ಡಿಸ್ಕ್ ಎಸೆದರಾಯಿತಲ್ಲ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪ್ರತಿ ತೆಗೆಯಬೇಕು, ಅದೂ ಬೇಗ. ಡಿಸ್ಕಿನ ಬಣ್ಣದ ಲೇಪ ಬಿಸಿಲು, ಸೆಕೆಗೆ ಕ್ರಮೇಣ ಕೆಡುತ್ತದೆ. ಕಂಪ್ಯೂಟರ್ ಇರುವವರು ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಕೊಂಡರೆ ಅದು ಸಿಡಿಯನ್ನೂ ಡಿವಿಡಿಯನ್ನೂ ಓದುತ್ತದೆ. ವಿಸಿಡಿಯಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರಿನ ಡ್ಯಾಟ್ ಕಡತಗಳನ್ನೂ, ಡಿವಿಡಿಯಲ್ಲಿ ವಿಡಿಯೋ ಟಿಎಸ್ ಫೋಲ್ಡರನ್ನೂ ಇದ್ದಂತೆಯೇ ನಕಲಿಸಬೇಕು. ಮೊಬೈಲಿಗೆ ಹಗುರಾಗಲೆಂದು ಮತ್ತೆ ಕುಗ್ಗಿಸಿ ಕೊಡುವ ಅಂಗಡಿಗಳಲ್ಲಿ, ಮೊದಲೇ ಬಡವಾಗಿರುವ 352 ಚುಕ್ಕಿಯ ಚಿತ್ರ ಇನ್ನಷ್ಟು ಕೆಡುತ್ತದೆ. ಇನ್ನು ಪೆನ್ ಡ್ರೈವ್ ಎಂಬುದು ವರ್ಷಗಟ್ಟಲೆ ವಿದ್ಯುತ್ ಕಾಣದೆ ಬಿದ್ದಿದ್ದರೆ ಬರೆದದ್ದನ್ನು ಕಳೆದುಕೊಳ್ಳಬಲ್ಲ ವಸ್ತು. ಅದೊಂದನ್ನೇ ನಂಬಿ ಮೂಲವನ್ನು ಎಸೆಯುವುದು ತಪ್ಪು. ಎರಡು ಪ್ರತಿ ಬೇರೆಬೇರೆ ಮನೆಯಲ್ಲಿರಲಿ, ಮೂಲ ಡಿಸ್ಕೂ ಇರಲಿ. ಡಿಸ್ಕಿನ ಹೊಳೆಯುವ ಬದಿಯ ಗೀರಿಗೆ ಹೆದರುವ ನಾವು ಹೆಸರು ಬರೆದ ಬದಿಯನ್ನು ಲೆಕ್ಕಿಸುವುದಿಲ್ಲ. ಸಿಡಿಯಲ್ಲಿ ಲೋಹದ ಪದರ ಆ ಬದಿಯ ತೆಳು ಲೇಪದ ಅಡಿಯಲ್ಲೇ ಇರುತ್ತದೆ. ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೂ ಮಾಹಿತಿ ಹೋಗುತ್ತದೆ.

ಮುಗಿಯುತ್ತಿರುವ ವಸ್ತುವಿಗೆ ಎಲ್ಲ ಕುಟುಂಬಗಳೂ ಹಣ ಹಾಕಬೇಕೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಅದನ್ನು ನಿಲ್ಲಿಸಿತು. ಆಮೇಲೆ ಕ್ಯಾಸೆಟ್ ಇದ್ದವರು ಹಳೆಯ ಯಂತ್ರಗಳನ್ನು ಹುಡುಕಿ ಅಲೆಯಬೇಕಾಯಿತು. ಡಿಸ್ಕಿನ ಯಂತ್ರಕ್ಕೆ ಆ ದಿನ ಇನ್ನೂ ಬಂದಿಲ್ಲ, ಬೆಲೆಯೂ ಕೈಗೆಟುಕುವಂತಿದೆ. ಕೂಲಿ ಮಾಡುವ ಮನೆ ಅದನ್ನೂ ಕೊಳ್ಳಬೇಕಿಲ್ಲ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಬೇಗೂರು, ತೆರಕಣಾಂಬಿ, ಹಂಗಳ, ಸಂತೇಮರಹಳ್ಳಿಯಂಥ ಹೋಬಳಿ ಊರುಗಳಿಂದ ಶುರುಮಾಡಿ, ಕಂಪ್ಯೂಟರ್ ಇರುವ ಕಡೆ ಒಂದು ಡಿವಿಡಿ ಡ್ರೈವ್, ವಿಸಿಡಿಯನ್ನೂ ಓದುವ ಒಂದು ಪ್ಲೇಯರ್ ಇಟ್ಟರೆ ಹಳ್ಳಿಯವರು ಡಿಸ್ಕ್ ತಂದು ನೋಡಿಕೊಂಡು, ಪ್ರತಿ ಮಾಡಿಸಿಕೊಂಡು ಹೋಗಬಹುದು. ಮನೆಯ ವಿಡಿಯೋ ಮನೆಯವರ ಕೈಗೇ ಮರಳಬೇಕು, ಕೇಂದ್ರದಲ್ಲಿ ಉಳಿಯಬಾರದು. ಕಂಸಾಳೆ, ನೀಲಗಾರರ ಹಾಡಿನ ರಾತ್ರಿಗಳನ್ನು ಮಾತ್ರ ಹಾಡಿದವರ ಮತ್ತು ಮನೆಯವರ ಒಪ್ಪಿಗೆ ಪಡೆದು, ಊರು, ವರ್ಷ, ಮೇಳದವರ ಹೆಸರು ಬರೆದು, ಒಂದು ಪ್ರತಿಯನ್ನು ಚಾಮರಾಜನಗರದ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಕೊಡಿಸಬೇಕು. ಆ ಹೆಸರುಗಳನ್ನು ಗುರುತಿಸಿ ಹೇಳಬಲ್ಲ ಹಿರಿಯರು ಊರುಗಳಲ್ಲಿ ಇನ್ನೂ ಇದ್ದಾರೆ. ಈ ಕೆಲಸವನ್ನು ಅವರು ಇರುವಾಗಲೇ ಮಾಡಬೇಕು.